ಬ್ಯಾಂಕಿನ ಕೌಂಟರ್‌ನಿಂದ: ಓದುಗರ ಪ್ರಶ್ನೆ, ನಿವೃತ್ತ ಮ್ಯಾನೇಜರ್ ಉತ್ತರ

ಕಳೆದ ಸಂಚಿಕೆಯಲ್ಲಿ ಬ್ಯಾಂಕ್ ವಿಲೀನದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲ ಜಾಸ್ತಿ. ಬ್ಯಾಂಕ್ ಅಷ್ಟೇ ಅಲ್ಲ, ಕಾರ್ಖಾನೆ, ಲೈಸೆನ್ಸ್, ಸಾಲ ಮನ್ನಾ ಎಲ್ಲದರ ಬಗ್ಗೆಯೂ ಕೇಳಿದ್ದೀರಿ. ನಾನು 1978ರಲ್ಲಿ ಕುಂದಾಪುರದಲ್ಲಿ ಕ್ಲರ್ಕ್ ಆಗಿ ಸೇರಿ, 2016ರಲ್ಲಿ ಸೀನಿಯರ್ ಮ್ಯಾನೇಜರ್ ಆಗಿ ಹೊರಬಂದವಳು. ಈಗ ಶಿವಮೊಗ್ಗದಲ್ಲಿದ್ದೇನೆ. ಕಂಡದ್ದನ್ನು, ಕೈಯಾರೆ ಮಾಡಿದ್ದನ್ನು ಇಟ್ಟುಕೊಂಡು ಉತ್ತರಿಸಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ತಂದೆಯ ಕಾಲದಿಂದ ಸಿಂಡಿಕೇಟ್ ಬ್ಯಾಂಕ್ ಖಾತೆ. ಈಗ ಬೋರ್ಡ್ ಮೇಲೆ ಕೆನರಾ ಎಂದಿದೆ. ಹೆಂಡತಿಯ ತವರಿನವರದು ವಿಜಯಾ, ಅದು ಬರೋಡಾ ಆಯಿತು. ಭಾವನದು ಕಾರ್ಪೊರೇಷನ್, ಅದು ಯೂನಿಯನ್ ಆಯಿತು. ನಮ್ಮ ಕರಾವಳಿಯ ಬ್ಯಾಂಕ್‌ಗಳನ್ನೇ ಹುಡುಕಿ ಹುಡುಕಿ ಮುಗಿಸಿದರಾ? (ಬೈಂದೂರು)

ಉತ್ತರ: ಹುಡುಕಿ ಮುಗಿಸಿದ್ದಲ್ಲ. ಆದರೆ ನಿಮ್ಮ ಸಂಕಟ ನನ್ನದೂ ಹೌದು.

1906 ಒಂದೇ ವರ್ಷದಲ್ಲಿ ನಮ್ಮ ಕಡೆ ಎರಡು ಬ್ಯಾಂಕ್ ಹುಟ್ಟಿದವು. ಮಾರ್ಚ್‌ನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 5,000 ರೂಪಾಯಿ ಬಂಡವಾಳದಲ್ಲಿ ಶುರುಮಾಡಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಜುಲೈನಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ಫಂಡ್ ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ 8,000 ರೂಪಾಯಿ ಇಟ್ಟುಕೊಂಡು ಸಿಂಡಿಕೇಟ್, 1931ರಲ್ಲಿ ವಿಜಯಾ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಬ್ಯಾಂಕ್!

ಇವುಗಳ ಗುಟ್ಟು ಏನೆಂದು ನನ್ನನ್ನು ಕೇಳಿದರೆ, ಪಿಗ್ಮಿ ಅನ್ನುತ್ತೇನೆ. 1928ರಲ್ಲಿ ಸಿಂಡಿಕೇಟ್‌ನವರು ತಂದ ಯೋಜನೆ ಅದು. ದಿನಕ್ಕೆ ಎರಡಾಣೆ, ಮನೆ ಬಾಗಿಲಿಗೇ ಬಂದು ವಸೂಲಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಶಾಖೆಯಲ್ಲೂ ಅಂಥದೇ ದಿನದ ವಸೂಲಿ ಇತ್ತು. ಸಂಜೆ ಐದರ ಮೇಲೆ ಏಜೆಂಟರು ಬರುತ್ತಿದ್ದರು. ಕೈಯಲ್ಲಿ ರೆಕ್ಸಿನ್ ಚೀಲ, ಒಳಗೆ ಒದ್ದೆ ನೋಟು. ಮೀನು ಮಾರುವ ಹೆಂಗಸರು ಸೆರಗಿನ ಗಂಟು ಬಿಚ್ಚಿ ಕೊಟ್ಟ ಒಂದು ರೂಪಾಯಿ, ಎರಡು ರೂಪಾಯಿ. ನೋಟಿಗೆಲ್ಲ ಬಂಗುಡೆಯ ವಾಸನೆ. ಎಣಿಸಿ ಮುಗಿಸುವಾಗ ಬೆರಳೆಲ್ಲ ಅಂಟಂಟು. ಯಾರ ಮನೆಯಲ್ಲಿ ಮದುವೆ ಇದೆ, ಯಾರು ವಾರದಿಂದ ದೋಣಿಗೆ ಹೋಗಿಲ್ಲ, ಎಲ್ಲ ಆ ಏಜೆಂಟರಿಗೆ ಗೊತ್ತು. ಸಾಲದ ಅರ್ಜಿ ಬಂದರೆ ನಮ್ಮ ಮ್ಯಾನೇಜರ್ ಮೊದಲು ಮಾತಾಡಿಸುತ್ತಿದ್ದುದು ಅವರನ್ನೇ. ಆಮೇಲೆ ಕಾಗದ ಪತ್ರ.

ಇನ್ನು ವಿಲೀನ. 2017ರಲ್ಲಿ ಸರ್ಕಾರಿ ಬ್ಯಾಂಕ್‌ಗಳು 27 ಇದ್ದವು. 2020ರ ಏಪ್ರಿಲ್ ಹೊತ್ತಿಗೆ 12ಕ್ಕೆ ಇಳಿದವು. 1913ರಲ್ಲಿ ಮೈಸೂರು ಅರಸರ ಆಸರೆಯಲ್ಲಿ ಹುಟ್ಟಿದ ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕ್‌ಗೆ ಸೇರಿತು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್. ಸರ್ಕಾರ ಕೊಟ್ಟ ಕಾರಣಗಳಲ್ಲಿ ಹುರುಳಿತ್ತು. ಸುಸ್ತಿ ಸಾಲ, ಅಂದರೆ ಕಂತು ಕಟ್ಟದೆ ನಿಂತ ಸಾಲ, ಬೆಟ್ಟದಷ್ಟಾಗಿತ್ತು. ಪ್ರತಿ ಬ್ಯಾಂಕ್‌ಗೂ ಪ್ರತ್ಯೇಕ ಕಂಪ್ಯೂಟರ್ ವ್ಯವಸ್ಥೆ, ಪ್ರತ್ಯೇಕ ಬಂಡವಾಳ ಬೇಕು. ಆ ಬಂಡವಾಳ ಬರುವುದು ನಮ್ಮ ನಿಮ್ಮ ತೆರಿಗೆಯಿಂದ.

ಆದರೂ ವಿಜಯಾ ಬ್ಯಾಂಕ್ ವಿಚಾರದಲ್ಲಿ ನನ್ನ ಮನಸ್ಸು ಒಪ್ಪಿಲ್ಲ. ಲಾಭದಲ್ಲಿತ್ತು, ಎಚ್ಚರದಿಂದ ಸಾಲ ಕೊಡುತ್ತಿತ್ತು. ನೆಟ್ಟಗೆ ನಡೆಯುವವನನ್ನು ಕುಂಟುವವನ ಹೆಗಲಿಗೆ ಕಟ್ಟಿದರೆ ಇಬ್ಬರೂ ಓಡುತ್ತಾರೆ ಎಂದು ನಾನು ನಂಬುವುದಿಲ್ಲ. ಕರ್ಣಾಟಕ ಬ್ಯಾಂಕ್ ಖಾಸಗಿಯಾಗಿಯೇ ಉಳಿದು 2024ರಲ್ಲಿ ನೂರು ತುಂಬಿಸಿತು. ಮಧ್ಯಮ ಗಾತ್ರದ ಬ್ಯಾಂಕ್ ಬದುಕಬಹುದು ಎನ್ನುವುದಕ್ಕೆ ಅದೇ ಸಾಕ್ಷಿ, ಅಲ್ವಾ?

ಒಂದು ಕೆಲಸದ ಮಾತು. ನಿಮ್ಮ ತಂದೆಯವರ ಹಳೆ ಎಫ್‌ಡಿ ರಸೀದಿ, ಎಲ್‌ಐಸಿ, ಪಿಂಚಣಿ ಎಲ್ಲದರಲ್ಲೂ ಹೊಸ ಐಎಫ್‌ಎಸ್‌ಸಿ ಆಗಿದೆಯಾ ನೋಡಿ. ಸಿಂಡಿಕೇಟ್‌ನ ಹಳೆ ಕೋಡ್ 2021ರ ಜುಲೈ 1ರಿಂದ ನಡೆಯುವುದಿಲ್ಲ. ಎಲ್ಲಿಂದಲೋ ಬರಬೇಕಾದ ಹಣ ಅದೇ ಕಾರಣಕ್ಕೆ ವಾಪಸ್ ಹೋಗಿರಬಹುದು.

ಪ್ರಶ್ನೆ: ಸೊಸೈಟಿಯಲ್ಲಿ ಒಂದೂವರೆ ಪರ್ಸೆಂಟ್ ಬಡ್ಡಿ ಜಾಸ್ತಿ ಕೊಡುತ್ತಾರೆ. ನಿವೃತ್ತಿ ಹಣ ಅಲ್ಲಿಡಬಹುದಾ? (ತುಮಕೂರು)

ಉತ್ತರ: ಎಲ್ಲವನ್ನೂ ಇಡಬೇಡಿ. ಬ್ಯಾಂಕ್ ಮುಳುಗಿದರೆ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರುವರಿವರೆಗೆ ಅದು ಬರೀ 1 ಲಕ್ಷ ಇತ್ತು. 2021ರ ತಿದ್ದುಪಡಿಯ ಮೇಲೆ, ಬ್ಯಾಂಕಿಗೆ ನಿರ್ಬಂಧ ಬಿದ್ದರೆ 90 ದಿನದೊಳಗೆ ಈ ಹಣ ಸಿಗಬೇಕು. ಸಹಕಾರಿ ಬ್ಯಾಂಕ್‌ಗಳಿಗೂ ಇದು ಅನ್ವಯ. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ಇವಕ್ಕೆ ಈ ವಿಮೆ ಇಲ್ಲ. ಬೋರ್ಡ್ ಮೇಲೆ 'ಬ್ಯಾಂಕ್' ಎಂದಿದೆಯಾ, 'ಸಂಘ' ಎಂದಿದೆಯಾ, ಹೊರಗೆ ನಿಂತು ಸರಿಯಾಗಿ ಓದಿ. ಇನ್ನೊಂದು, ಒಂದೇ ಬ್ಯಾಂಕಿನ ನಾಲ್ಕು ಶಾಖೆಯಲ್ಲಿಟ್ಟರೂ ಒಟ್ಟು 5 ಲಕ್ಷವೇ.

ಪ್ರಶ್ನೆ: ಮೇಡಂ, ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. 1969ರ ರಾಷ್ಟ್ರೀಕರಣವೂ ಸರಿ ಎನ್ನುತ್ತಾರೆ, 1991ರ ಸುಧಾರಣೆಯೂ ಸರಿ ಎನ್ನುತ್ತಾರೆ. ಒಂದು ಸರಿಯಾದರೆ ಇನ್ನೊಂದು ತಪ್ಪಾಗಬೇಕಲ್ಲವೇ? (ಕಲಬುರಗಿ)

ಉತ್ತರ: ಒಳ್ಳೇ ಪ್ರಶ್ನೆ ಮಗಾ. ನಿನ್ನ ಪುಸ್ತಕದಲ್ಲಿ ಅವೆರಡು ಬೇರೆ ಬೇರೆ ಪಾಠ. ನನಗೆ ಎರಡೂ ಸೇರಿ ಒಂದೇ ಕಥೆ.

1969ಕ್ಕೆ ಮೊದಲು ಹೆಚ್ಚಿನ ಬ್ಯಾಂಕ್‌ಗಳು ದೊಡ್ಡ ಉದ್ಯಮಿಗಳ ಕೈಯಲ್ಲಿದ್ದವು. ಕೊಟ್ಟ ಸಾಲದಲ್ಲಿ ಕೃಷಿಗೆ ಹೋಗುತ್ತಿದ್ದುದು ನೂರಕ್ಕೆ ಎರಡು ರೂಪಾಯಿ ಚಿಲ್ಲರೆ. ಆ ವರ್ಷದ ಜುಲೈ 19ರಂದು 50 ಕೋಟಿಗಿಂತ ಹೆಚ್ಚು ಠೇವಣಿ ಇದ್ದ 14 ಬ್ಯಾಂಕ್‌ಗಳನ್ನು ಇಂದಿರಾ ಗಾಂಧಿ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಸುಪ್ರೀಂ ಕೋರ್ಟ್ 1970ರ ಫೆಬ್ರುವರಿಯಲ್ಲಿ ಅದನ್ನು ರದ್ದು ಮಾಡಿತು, ಸರ್ಕಾರ ಮತ್ತೆ ಸುಗ್ರೀವಾಜ್ಞೆ ತಂದಿತು. 1980ರಲ್ಲಿ ಇನ್ನೂ ಆರು. ದೇಶದಲ್ಲಿ 8,200 ಚಿಲ್ಲರೆ ಇದ್ದ ಶಾಖೆಗಳು 1991ರ ಹೊತ್ತಿಗೆ 60 ಸಾವಿರದ ಆಸುಪಾಸಿಗೆ ಬಂದವು. ಹಳ್ಳಿಗೆ ಬ್ಯಾಂಕ್ ಬಂತು. ನನ್ನಂಥ ಹೆಣ್ಣುಮಕ್ಕಳಿಗೆ ಕೆಲಸ ಸಿಕ್ಕಿದ್ದೂ ಈ ವಿಸ್ತರಣೆಯಿಂದಲೇ. ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತು? ಲೆಕ್ಕ ಸರಳ ಮಾಡಿ ಹೇಳುತ್ತೇನೆ. 1991ರಲ್ಲಿ ನೀನು ನೂರು ರೂಪಾಯಿ ಠೇವಣಿ ಇಟ್ಟೆ ಅಂತಿಟ್ಟುಕೋ. ಅದರಲ್ಲಿ ಮೂವತ್ತೆಂಟೂವರೆ ರೂಪಾಯಿಗೆ ಸರ್ಕಾರಿ ಬಾಂಡ್ ಕೊಳ್ಳಲೇಬೇಕು. ಅದು ಎಸ್‌ಎಲ್‌ಆರ್. 15 ರೂಪಾಯಿ ರಿಸರ್ವ್ ಬ್ಯಾಂಕ್‌ನಲ್ಲಿ ಇಡಬೇಕು. ಅದು ಸಿಆರ್‌ಆರ್. ಉಳಿದದ್ದು ನಲವತ್ತಾರೂವರೆ. ಅದರಲ್ಲೂ ನೂರಕ್ಕೆ ನಲವತ್ತು ಕೃಷಿ, ಸಣ್ಣ ಕೈಗಾರಿಕೆಯಂಥ ಆದ್ಯತಾ ವಲಯಕ್ಕೆ. ಕೊನೆಗೆ ಬ್ಯಾಂಕ್ ತನ್ನ ಬುದ್ಧಿ ಉಪಯೋಗಿಸಿ ಕೊಡಬಹುದಾಗಿದ್ದು 28 ರೂಪಾಯಿ. ಅದರ ಬಡ್ಡಿ ಎಷ್ಟೆಂದು ಹೇಳುವುದೂ ರಿಸರ್ವ್ ಬ್ಯಾಂಕೇ.

ಇದಕ್ಕಿಂತ ದೊಡ್ಡ ರೋಗ ಇನ್ನೊಂದಿತ್ತು. ಭದ್ರಾವತಿಯಲ್ಲಿದ್ದಾಗ ವರ್ಷದ ಕ್ಲೋಸಿಂಗ್ ರಾತ್ರಿ ಎಲ್ಲರೂ ಲೆಡ್ಜರ್ ಮುಂದೆ ಕೂರುತ್ತಿದ್ದೆವು. ಒಂದು ಗಿರಣಿಯ ಖಾತೆಗೆ ನಾನೇ ಬಡ್ಡಿ ಹಾಕಿದ್ದೇನೆ. ಮೂರು ವರ್ಷದಿಂದ ಅಲ್ಲಿಂದ ಒಂದು ಪೈಸೆ ಬಂದಿರಲಿಲ್ಲ. ಗಿರಣಿಯ ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ಆದರೂ ನಾವು ಬಡ್ಡಿ ಬರೆದು, ಅದನ್ನೇ ಬ್ಯಾಂಕಿನ ಆದಾಯ ಎಂದು ತೋರಿಸುತ್ತಿದ್ದೆವು. ಬಾರದ ಬಡ್ಡಿಯಲ್ಲಿ ಲಾಭ! ನಾನು ಒಮ್ಮೆ ಕೇಳಿದ್ದಕ್ಕೆ "ಪದ್ಧತಿ ಹೀಗೇ ಇದೆಯಮ್ಮಾ, ಬರಿ" ಎಂದರು. ಬರೆದೆ.

ಹಿಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಎಂ. ನರಸಿಂಹಂ ಅವರ ಸಮಿತಿ 1991ರ ನವೆಂಬರ್‌ನಲ್ಲಿ ಕೊಟ್ಟ ವರದಿ ಮುಟ್ಟಿದ್ದು ಈ ಹುಣ್ಣನ್ನೇ. ಕೈಗೆ ಬಂದ ಬಡ್ಡಿಯನ್ನು ಮಾತ್ರ ಆದಾಯ ಎನ್ನಿ, ಬಾರದ ಸಾಲಕ್ಕೆ ಲಾಭದಿಂದ ಹಣ ತೆಗೆದಿಡಿ, ಎಸ್‌ಎಲ್‌ಆರ್ 25ಕ್ಕೆ ಇಳಿಸಿ, ಹೊಸ ಖಾಸಗಿ ಬ್ಯಾಂಕ್‌ಗಳಿಗೆ ಬಾಗಿಲು ತೆರೆಯಿರಿ ಎಂದಿತು. ಹೊಸ ಲೆಕ್ಕ ಜಾರಿಗೆ ಬಂದ ಕೂಡಲೇ ಅನೇಕ ಸರ್ಕಾರಿ ಬ್ಯಾಂಕ್‌ಗಳು ನಷ್ಟ ತೋರಿಸಬೇಕಾಯಿತು. ಬ್ಯಾಂಕ್ ಹಾಳಾಯಿತು ಎಂದು ಜನ ಗಾಬರಿಯಾದರು. ಹಾಳಾಗಿದ್ದು ಆವತ್ತಲ್ಲ. ಗೊತ್ತಾಗಿದ್ದು ಆವತ್ತು. ಶಾಖೆ ತೆರೆದದ್ದು ಸರಿ, ಲೆಕ್ಕ ತಿದ್ದಿದ್ದೂ ಸರಿ. ಪರೀಕ್ಷೆಯಲ್ಲಿ ಹೀಗೇ ಬರಿ, ಅಂಕ ಸಿಗುತ್ತದೆ.

ಪ್ರಶ್ನೆ: ನನ್ನದು ಕಬ್ಬಿಗೆ ತೆಗೆದ 80 ಸಾವಿರ ಬೆಳೆಸಾಲ. ಎರಡು ನೋಟಿಸ್ ಬಂದಿದೆ. ದೊಡ್ಡ ಕುಳಗಳ ಲಕ್ಷಗಟ್ಟಲೆ ಕೋಟಿ ಮನ್ನಾ ಮಾಡಿದ್ದಾರೆ ಎಂದು ಟಿವಿಯಲ್ಲಿ ಬರುತ್ತದೆ. ಇದ್ಯಾವ ಸುಧಾರಣೆ? (ಮದ್ದೂರು)

ಉತ್ತರ: ನಿಮ್ಮ ಸಿಟ್ಟು ನ್ಯಾಯದ್ದೇ. ಆದರೆ ಒಂದು ಪದವನ್ನು ಬಿಡಿಸಿ ಹೇಳಬೇಕು.

ಟಿವಿಯವರು ಮನ್ನಾ ಎನ್ನುವುದು ಬ್ಯಾಂಕಿನ ಭಾಷೆಯಲ್ಲಿ ರೈಟ್ ಆಫ್. ಬಾರದ ಸಾಲಕ್ಕೆ ವರ್ಷ ವರ್ಷ ಲಾಭದಿಂದ ಹಣ ತೆಗೆದಿಟ್ಟು, ಪೂರ್ತಿ ತೆಗೆದಿಟ್ಟ ಮೇಲೆ ಆ ಸಾಲವನ್ನು ಮುಖ್ಯ ಪುಸ್ತಕದಿಂದ ತೆಗೆದು ಬೇರೆ ಪುಸ್ತಕದಲ್ಲಿ ಬರೆಯುವುದು. ಸಾಲಗಾರ ಸಾಲಗಾರನೇ. ಕೇಸು ನಡೆಯುತ್ತದೆ, ವಸೂಲಿ ಮುಂದುವರಿಯುತ್ತದೆ. ನಿಜವಾದ ಮನ್ನಾ ಎಂದರೆ 2008ರಲ್ಲಿ ಕೇಂದ್ರ, 2018ರಲ್ಲಿ ನಮ್ಮ ರಾಜ್ಯ ಸರ್ಕಾರ ರೈತರಿಗೆ ಮಾಡಿದ್ದು. ಅಲ್ಲಿ ಸಾಲಗಾರನ ಬದಲು ಸರ್ಕಾರ ಹಣ ಕಟ್ಟುತ್ತದೆ.

ಇಷ್ಟು ಹೇಳಿ ಕೈ ತೊಳೆದುಕೊಂಡರೆ ನಾನು ನಿಮಗೆ ಮೋಸ ಮಾಡಿದಂತೆ. ಏಕೆಂದರೆ ರೈಟ್ ಆಫ್ ಆದದ್ದು ಬರುವುದು ಕಡಿಮೆಯೇ. ಸಂಸತ್ತಿಗೆ ಸರ್ಕಾರ ಕೊಟ್ಟ ಲೆಕ್ಕ ಇದೆ. 2014-15ರಿಂದ 2022-23ರವರೆಗೆ ಒಂಬತ್ತು ವರ್ಷದಲ್ಲಿ ಬ್ಯಾಂಕ್‌ಗಳು ರೈಟ್ ಆಫ್ ಮಾಡಿದ್ದು ಸುಮಾರು 14.5 ಲಕ್ಷ ಕೋಟಿ. ಅದರಲ್ಲಿ ಅರ್ಧದಷ್ಟು ದೊಡ್ಡ ಉದ್ಯಮ ಮತ್ತು ಸೇವಾ ಕ್ಷೇತ್ರದ್ದು. ಹೀಗೆ ಪುಸ್ತಕದಿಂದ ತೆಗೆದ ಸಾಲಗಳಲ್ಲಿ ಆ ಅವಧಿಯಲ್ಲಿ ವಾಪಸ್ ಬಂದದ್ದು 2 ಲಕ್ಷ ಕೋಟಿ ಆಸುಪಾಸು.

ಈ ಸಾಲಗಳು ಹುಟ್ಟಿದ್ದು ಹೇಗೆ? 2010ರಲ್ಲಿ ನಾನು ಹೆಡ್ ಆಫೀಸಿನ ಸಾಲ ವಿಭಾಗದಲ್ಲಿದ್ದೆ. ಒಂದು ವಿದ್ಯುತ್ ಯೋಜನೆಯ ಫೈಲ್ ಬಂತು. ಹತ್ತಕ್ಕೂ ಹೆಚ್ಚು ಬ್ಯಾಂಕ್ ಸೇರಿ ಕೊಡುವ ಸಾಲ, ಮುಂದೆ ನಿಂತು ನಡೆಸುವುದು ಒಂದು ಲೀಡ್ ಬ್ಯಾಂಕ್. ಕಲ್ಲಿದ್ದಲು ಎಲ್ಲಿಂದ ಬರುತ್ತದೆ ಎನ್ನುವ ಪುಟದಲ್ಲಿ 'ಪರಿಶೀಲನೆಯಲ್ಲಿದೆ' ಎಂದಿತ್ತು. ಜಮೀನು ಅರ್ಧವೂ ಕೈಸೇರಿರಲಿಲ್ಲ. ಎರಡನ್ನೂ ಎತ್ತಿ ಬರೆದು ನೋಟ್ ಹಾಕಿದೆ. ಫೈಲ್ ವಾಪಸ್ ಬಂತು, ಮಾರ್ಜಿನ್‌ನಲ್ಲಿ ಪೆನ್ಸಿಲ್‌ನಲ್ಲಿ ಒಂದು ಸಾಲು: "ಲೀಡ್ ಬ್ಯಾಂಕ್ ನೋಡಿದೆ." ಲೀಡ್ ಬ್ಯಾಂಕ್ ನೋಡಿದ್ದರೆ ನಾವು ಯಾಕೆ ನೋಡಬಾರದು? ಸಾಲ ಮಂಜೂರಾಯಿತು. ಆರೇ ವರ್ಷದಲ್ಲಿ ಮುಳುಗಿತು. ಆ ಪೆನ್ಸಿಲ್ ಸಾಲು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಇದರ ಹಿಂದೆ ಸುಧಾರಣೆಯದೇ ಒಂದು ಕೊರತೆ ಇದೆ. ಮೊದಲು ಕಾರ್ಖಾನೆಗೆ ದೀರ್ಘಾವಧಿ ಸಾಲ ಕೊಡಲೆಂದೇ ಐಎಫ್‌ಸಿಐ, ಐಸಿಐಸಿಐ, ಐಡಿಬಿಐ ಇದ್ದವು. 2002ರಲ್ಲಿ ಐಸಿಐಸಿಐ ತನ್ನದೇ ಬ್ಯಾಂಕಿನೊಳಗೆ ಸೇರಿತು. 2004ರಲ್ಲಿ ಐಡಿಬಿಐ ಬ್ಯಾಂಕ್ ಆಯಿತು. ಆ ಕೆಲಸ ನಮ್ಮ ತಲೆಗೆ ಬಂತು. ಜನ ಒಂದೆರಡು ವರ್ಷಕ್ಕೆ ಇಟ್ಟ ಠೇವಣಿಯನ್ನು ಹದಿನೈದು ವರ್ಷದ ಯೋಜನೆಗೆ ಹಾಕಿದೆವು. ಅದಕ್ಕೆ ಬೇಕಾದ ಎಂಜಿನಿಯರ್‌ಗಳಾಗಲಿ ಅನುಭವವಾಗಲಿ ನಮ್ಮಲ್ಲಿರಲಿಲ್ಲ.

2015ರಲ್ಲಿ ರಘುರಾಮ್ ರಾಜನ್ ಗವರ್ನರ್ ಆಗಿದ್ದಾಗ ರಿಸರ್ವ್ ಬ್ಯಾಂಕ್ ಎಲ್ಲರ ಪುಸ್ತಕ ಬಿಚ್ಚಿಸಿತು. 2018ರ ಮಾರ್ಚ್‌ಗೆ ಸುಸ್ತಿ ಸಾಲ ನೂರಕ್ಕೆ 11.2 ಆಗಿತ್ತು. 2016ರ ದಿವಾಳಿ ಕಾನೂನು ಬಂದ ಮೇಲೆ ಮಾಲೀಕನ ಕೈಯಿಂದ ಕಂಪನಿಯೇ ಹೋಗುವ ಭಯ ಹುಟ್ಟಿತು. ಅದು ದೊಡ್ಡ ಬದಲಾವಣೆ. 2025ರ ಮಾರ್ಚ್‌ಗೆ ಸುಸ್ತಿ 2.3ಕ್ಕೆ ಇಳಿದಿದೆ. ಆದರೆ ಆ ಕಾನೂನಿನಲ್ಲಿ ಇತ್ಯರ್ಥವಾದ ಪ್ರಕರಣಗಳಲ್ಲೂ ಸಾಲ ಕೊಟ್ಟವರ ಕೈಗೆ ಬರುತ್ತಿರುವುದು ಬಾಕಿಯ ಮೂರನೇ ಒಂದು ಪಾಲು ಮಾತ್ರ.

ನಿಮ್ಮ ವಿಷಯಕ್ಕೆ ಬರೋಣ. ನೋಟಿಸ್ ಅನ್ನು ಟ್ರಂಕಿನಲ್ಲಿ ಹಾಕಿಡಬೇಡಿ. ಶಾಖೆಗೆ ಹೋಗಿ, ಒಂದೇ ಸಲಕ್ಕೆ ತೀರಿಸುವ ಓಟಿಎಸ್ ಇದೆಯಾ, ಕಂತು ಮುಂದೂಡಬಹುದಾ ಕೇಳಿ. ಅವರು ಒಪ್ಪಿದ್ದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ನಿಮ್ಮದು ಕಬ್ಬು ಎಂದು ಬರೆದಿದ್ದೀರಿ. ಕಬ್ಬು ಕೊಟ್ಟ 14 ದಿನದಲ್ಲಿ ಕಾರ್ಖಾನೆ ಬಿಲ್ ಕೊಡಬೇಕೆಂದು ನಿಯಮವಿದೆ. ಬಾಕಿ ಉಳಿಸಿಕೊಂಡಿದ್ದರೆ ಆ ರಸೀದಿಗಳ ನಕಲನ್ನೂ ನಿಮ್ಮ ಅರ್ಜಿಗೆ ಲಗತ್ತಿಸಿ. ನೀವು ಸುಸ್ತಿಯಾಗಿದ್ದು ಯಾಕೆಂದು ಆ ಕಾಗದವೇ ಹೇಳುತ್ತದೆ.

ಪ್ರಶ್ನೆ: ನಾನು ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವನು. 1991ರ ಉದಾರೀಕರಣ ಬರದಿದ್ದರೆ ನಮ್ಮೂರು ಹೀಗಾಗುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ. ತಾವು ಏನಂತೀರಿ? (ಭದ್ರಾವತಿ)

ಉತ್ತರ: ಸರ್, ನಿಮ್ಮ ಪತ್ರ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. 1986ರಿಂದ ನಾಲ್ಕು ವರ್ಷ ನಾನು ನಿಮ್ಮೂರಲ್ಲೇ ಇದ್ದೆ. ಸಂಬಳದ ದಿನ ನಮ್ಮ ಶಾಖೆಯ ಸಾಲು ಮೆಟ್ಟಿಲು ಇಳಿದು ರಸ್ತೆಯವರೆಗೆ ಬರುತ್ತಿತ್ತು. ಹಿತ್ತಾಳೆ ಟೋಕನ್ ಸಾಲದೆ ಚೀಟಿ ಬರೆದು ಕೊಡುತ್ತಿದ್ದೆವು. ಕುಲುಮೆ ಕಡೆಯವರ ಕೈ ನೋಡಿದರೇ ಗೊತ್ತಾಗುತ್ತಿತ್ತು, ಸುಟ್ಟ ಕಲೆಗಳು. ಮಧ್ಯಾಹ್ನದ ಮೇಲೆ ಅದೇ ದುಡ್ಡು ದಿನಸಿ ಅಂಗಡಿ, ಬಟ್ಟೆ ಅಂಗಡಿ ಸುತ್ತಿ, ಮಾರನೇ ದಿನ ಅಂಗಡಿಯವರ ಕೈಯಲ್ಲಿ ನಮ್ಮ ಕೌಂಟರ್‌ಗೇ ವಾಪಸ್ ಬರುತ್ತಿತ್ತು. ಕೆಲವು ನೋಟಿನ ಮೇಲೆ ನಾನೇ ಬರೆದ ಪೆನ್ಸಿಲ್ ಗುರುತು ಇರುತ್ತಿತ್ತು.

ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ, ಪೂರ್ತಿ ತಳ್ಳಲಾರೆ. 1991ರಲ್ಲಿ ದೇಶದ ಹತ್ತಿರ ಎರಡು ಮೂರು ವಾರದ ಆಮದಿಗೆ ಸಾಲುವಷ್ಟು ಮಾತ್ರ ವಿದೇಶಿ ಹಣ ಇತ್ತು. ರಿಸರ್ವ್ ಬ್ಯಾಂಕಿನ 47 ಟನ್ ಚಿನ್ನವನ್ನು ಅಡವಿಟ್ಟು ಸಾಲ ತಂದ ಕಾಲ ಅದು. ಆ ಜುಲೈ 24ರಂದು ಹೊಸ ಕೈಗಾರಿಕಾ ನೀತಿ ಬಂತು. 18 ಉದ್ಯಮ ಬಿಟ್ಟು ಉಳಿದವಕ್ಕೆಲ್ಲ ಲೈಸೆನ್ಸ್ ರದ್ದಾಯಿತು. ಸರ್ಕಾರಕ್ಕೇ ಮೀಸಲಿದ್ದ 17 ಕ್ಷೇತ್ರಗಳು ಎಂಟಕ್ಕೆ ಇಳಿದವು. ಉಕ್ಕು ಕೂಡ ಎಲ್ಲರಿಗೂ ತೆರೆಯಿತು. ಅದಕ್ಕೂ ಮೊದಲು ಎಷ್ಟು ತಯಾರಿಸಬೇಕು, ಎಲ್ಲಿ ತಯಾರಿಸಬೇಕು ಎಂದು ದೆಹಲಿಯ ಒಪ್ಪಿಗೆ ಬೇಕಿತ್ತು. ಅದು ಹೋಗಬೇಕಿತ್ತು, ಹೋಯಿತು.

ಆದರೆ ಭದ್ರಾವತಿಯನ್ನು ಕೊಂದದ್ದು ಸ್ಪರ್ಧೆ ಒಂದೇ ಅಲ್ಲ. ವಿಶ್ವೇಶ್ವರಯ್ಯನವರ ಕನಸಿನಂತೆ 1923ರಲ್ಲಿ ಇದ್ದಿಲಿನಲ್ಲಿ ಶುರುವಾದ ಕಾರ್ಖಾನೆ ಅದು. ಕೆಮ್ಮಣ್ಣುಗುಂಡಿಯ ಅದಿರು ನಿಂತ ಮೇಲೆ ಸ್ವಂತ ಗಣಿ ಇರಲಿಲ್ಲ. ಅದಿರಿನ ನಾಡಿನಲ್ಲೇ ಅದಿರು ಕೊಂಡು ತರಬೇಕಾಯಿತು. 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್ ಅಧೀನಕ್ಕೆ ಹೋದರೂ ಬೇಕಾದ ಹೊಸ ಬಂಡವಾಳ ಬರಲಿಲ್ಲ. ಬಾಗಿಲು ತೆರೆಯುವ ಮೊದಲು ಒಳಗಿನವರನ್ನು ಗಟ್ಟಿ ಮಾಡಬೇಕಿತ್ತು. ಅದನ್ನು ಮಾಡಲಿಲ್ಲ. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಯಲ್ಲಿ ಕೂತರು. ಪಕ್ಕದ ಕಾಗದ ಕಾರ್ಖಾನೆ 2015ರಲ್ಲೇ ನಿಂತಿತ್ತು. ಒಂದೇ ಊರಿಗೆ ಎರಡು ಪೆಟ್ಟು. ಕಂಪನಿಗೆ ದಿವಾಳಿ ಕಾನೂನು ಮಾಡಿದ ದೇಶ, ಕಂಪನಿಯನ್ನು ನಂಬಿದ ಊರಿಗೆ ಏನು ಮಾಡಬೇಕೆಂದು ಇನ್ನೂ ಯೋಚಿಸಿಲ್ಲ. ನನಗೆ ಬೇಸರ ಇರುವುದು ಅಲ್ಲಿ.

ಪ್ರಶ್ನೆ: ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್. ನಾನೂ ಸೇರಿ ಆರು ಜನ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಚಾಲಿತ ಸಿಎನ್‌ಸಿ ಮೆಷಿನ್‌ಗೆ 12 ಲಕ್ಷ ಬೇಕು. ಬ್ಯಾಂಕ್‌ನಲ್ಲಿ ಸೈಟ್ ಪತ್ರ ಕೇಳುತ್ತಾರೆ, ನನ್ನ ಹತ್ತಿರ ಸೈಟ್ ಇಲ್ಲ. ಜಾಬ್ ವರ್ಕ್ ಕೊಡುವ ದೊಡ್ಡ ಕಂಪನಿ ನಾಲ್ಕು ತಿಂಗಳಾದರೂ ಬಿಲ್ ಕೊಡುವುದಿಲ್ಲ. (ಬೆಂಗಳೂರು)

ಉತ್ತರ: ತಮ್ಮಾ, ನಿಮ್ಮಂಥವರ ಪತ್ರಕ್ಕಾಗಿಯೇ ನಾನು ಈ ಅಂಕಣ ಬರೆಯುವುದು.

ತೊಂಬತ್ತರ ದಶಕದಲ್ಲಿ ನಾನು ಪೀಣ್ಯದ ಒಂದು ಶಾಖೆಯಲ್ಲಿದ್ದೆ. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳಲ್ಲಿ ಕೆಲಸ ಕಲಿತವರು ಹೊರಬಂದು ಲೇತ್ ಹಾಕಿಕೊಂಡು ಕೂತಿದ್ದರು. ಒಬ್ಬರು ಸಾಲಕ್ಕೆ ಬಂದಾಗ ಆಸ್ತಿ ಪತ್ರ ಏನೂ ಇರಲಿಲ್ಲ. ಜೇಬಿನಿಂದ ಬಟ್ಟೆ ಸುತ್ತಿದ ಒಂದು ಬುಷ್, ಅಂದರೆ ಯಂತ್ರಕ್ಕೆ ಹಾಕುವ ಕೊಳವೆಯಂಥ ಬಿಡಿಭಾಗ, ತೆಗೆದು ಮೇಜಿನ ಮೇಲಿಟ್ಟರು. ಹೆಬ್ಬೆರಳಿನ ಗಾತ್ರ. "ಇದನ್ನು ಮೈಕ್ರೋಮೀಟರ್‌ನಲ್ಲಿ ಹಿಡಿದು ನೋಡಿ ಮೇಡಂ, ನೂರು ಪೀಸ್ ಮಾಡಿದರೂ ನೂರೂ ಹೀಗೇ ಬರುತ್ತದೆ" ಎಂದರು. ಮಾರನೇ ದಿನ ಶೆಡ್‌ಗೆ ಹೋದೆ. ನೆಲದಲ್ಲಿ ಕಬ್ಬಿಣದ ಸುರುಳಿ ಚೂರು ಒಂದೂ ಇಲ್ಲ, ಎಲ್ಲ ಗುಡಿಸಿ ಡ್ರಮ್‌ಗೆ ತುಂಬಿಟ್ಟಿದ್ದರು. ಅಳತೆಯ ಗೇಜ್‌ಗಳು ಎಣ್ಣೆ ಸವರಿ ಸಾಲಾಗಿದ್ದವು. ನನಗೆ ಅಷ್ಟು ಸಾಕಾಯಿತು. ಆ ಸಾಲ ಅವಧಿಗೆ ಮೊದಲೇ ತೀರಿತು. ಈಗಿನ ಮ್ಯಾನೇಜರಿಗೆ ಶೆಡ್‌ಗೆ ಹೋಗಿ ನೋಡುವಷ್ಟು ಪುರುಸೊತ್ತೂ ಇಲ್ಲ, ಅಧಿಕಾರವೂ ಇಲ್ಲ. ಸಾಲದ ತೀರ್ಮಾನ ಇನ್ನೆಲ್ಲೋ ಕೂತ ಪ್ರೊಸೆಸಿಂಗ್ ಸೆಂಟರ್‌ನಲ್ಲಿ ಆಗುತ್ತದೆ. ಸುಧಾರಣೆಯಲ್ಲಿ ನಾವು ಕಳೆದುಕೊಂಡದ್ದು ಇದನ್ನೇ ಎಂದು ನನಗೆ ಅನ್ನಿಸುತ್ತದೆ.

ಈಗ ಮಾಡಬೇಕಾದದ್ದು. ಸಣ್ಣ ಉದ್ಯಮಕ್ಕೆ ಒಂದು ಮಿತಿಯವರೆಗೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. 2010ರಲ್ಲಿ ಆ ಮಿತಿ 10 ಲಕ್ಷ ಇತ್ತು, ಈಗ ಎಷ್ಟೆಂದು ಶಾಖೆಯಲ್ಲಿ ಕೇಳಿ. ಅದಕ್ಕಿಂತ ಹೆಚ್ಚಿನದಕ್ಕೆ ಸಿಜಿಟಿಎಂಎಸ್‌ಇ ಎನ್ನುವ ಟ್ರಸ್ಟ್ ಖಾತರಿ ನಿಲ್ಲುತ್ತದೆ. 2000ದಿಂದ ಇದೆ. ವರ್ಷಕ್ಕೆ ಸ್ವಲ್ಪ ಶುಲ್ಕ ಬೀಳುತ್ತದೆ, ಸೈಟ್ ಬೇಡ. ಅರ್ಜಿಯಲ್ಲಿ 'ಸಿಜಿಟಿಎಂಎಸ್‌ಇ ಖಾತರಿಯಡಿ' ಎಂದು ನೀವೇ ಬರೆಯಿರಿ. ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿ, ಎರಡು ವರ್ಷದ ಜಿಎಸ್‌ಟಿ ರಿಟರ್ನ್, ಕೈಯಲ್ಲಿರುವ ಆರ್ಡರ್‌ಗಳ ಪ್ರತಿ ಜೊತೆಗಿರಲಿ. ಆ ಮೆಷಿನ್ ದಿನಕ್ಕೆ ಎಷ್ಟು ಪೀಸ್ ಮಾಡುತ್ತದೆ, ಒಂದು ಪೀಸಿಗೆ ಎಷ್ಟು ಉಳಿಯುತ್ತದೆ ಎಂದು ಒಂದು ಹಾಳೆಯಲ್ಲಿ ನಿಮ್ಮ ಕೈಯಾರೆ ಬರೆದು ಕೊಡಿ. ಸೆಕೆಂಡ್ ಹ್ಯಾಂಡ್ ಮೆಷಿನ್‌ಗೆ ಚಾರ್ಟರ್ಡ್ ಎಂಜಿನಿಯರ್ ಹತ್ತಿರ ಮೌಲ್ಯ ಬರೆಸಿ. ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ.

ಬಾಕಿ ಬಿಲ್ ವಿಚಾರ. ಸಣ್ಣ ಉದ್ಯಮಗಳಿಗೆಂದೇ ಮಾಡಿದ 2006ರ ಕಾನೂನಿನ ಪ್ರಕಾರ ಒಪ್ಪಂದ ಏನೇ ಇರಲಿ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಬರಬೇಕು. ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇಂದ್ರದ ಸಣ್ಣ ಉದ್ಯಮ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ದೂರು ಕೊಟ್ಟರೆ ಮುಂದೆ ಕೆಲಸವೇ ಸಿಗದು ಎಂಬ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಹಾಗಾದರೆ ಇನ್ನೊಂದು ದಾರಿ ಇದೆ. ಅವಧಿಯೊಳಗೆ ನಿಮಗೆ ಹಣ ಕೊಡದಿದ್ದರೆ, ಕೊಡುವವರೆಗೆ ಆ ಕಂಪನಿ ಅದನ್ನು ಖರ್ಚೆಂದು ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ. 2023-24ರ ಲೆಕ್ಕದಿಂದ ಬಂದ ನಿಯಮ. ನಿಮ್ಮ ಬಿಲ್ ಮೇಲೆ ಉದ್ಯಮ್ ನಂಬರ್ ದಪ್ಪಕ್ಷರದಲ್ಲಿ ಹಾಕಿ, ಅವರ ಅಕೌಂಟ್ಸ್ ವಿಭಾಗಕ್ಕೆ ಒಂದು ವಿನಯದ ಪತ್ರ ಕಳಿಸಿ. ಅವರ ಆಡಿಟರೇ ನಿಮ್ಮ ಪರವಾಗಿ ಗಲಾಟೆ ಮಾಡುತ್ತಾರೆ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಯಾದರೆ ಬಾಕಿ ಬಿಲ್ಲಿಗೆಂದೇ ಇರುವ ಆನ್‌ಲೈನ್ ವೇದಿಕೆ ಟ್ರೆಡ್ಸ್‌ನಲ್ಲಿ ಸೇರಲೇಬೇಕು. ಅಲ್ಲಿ ಅವರು ಒಪ್ಪಿದ ಬಿಲ್ಲಿಗೆ ಬ್ಯಾಂಕ್ ನಿಮಗೆ ಕೂಡಲೇ ಹಣ ಕೊಟ್ಟು, ಆಮೇಲೆ ಅವರಿಂದ ವಸೂಲಿ ಮಾಡುತ್ತದೆ.

ಮೆಷಿನ್ ಬಂದ ಮೇಲೆ ಮರೆಯದೆ ಬರೆಯಿರಿ.

ಪ್ರಶ್ನೆ: ಅಕ್ಕಾರ, ನಮ್ಮ ಮನ್ಯಾಗ ನಾಕು ಪವರ್‌ಲೂಮ್ ಅದಾವ. ಬ್ಯಾಂಕಿಗೆ ಹೋದ್ರ ಸಾಹೇಬ್ರಿಗೆ ಕನ್ನಡ ಬರೂದಿಲ್ಲ, ಮಗ್ಗ ಅಂದ್ರ ಏನಂತ ತಿಳಿಯೂದಿಲ್ಲ. ಅರ್ಜಿ ಹೆಂಗ ಕೊಡೂದು? (ರಬಕವಿ-ಬನಹಟ್ಟಿ)

ಉತ್ತರ: ತಂಗೀ, ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದೇ ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗಲು. ನೂರು ವರ್ಷದ ಮೇಲೆ ನೇಕಾರ್ತಿಯೊಬ್ಬಳು ಹೀಗೆ ಬರೆಯುವುದು ನೋಡಿ ನನಗೆ ಸಂಕಟವಾಯಿತು.

ಅರ್ಜಿ, ಚಲನ್, ತಿಳಿವಳಿಕೆ ಪತ್ರ ಎಲ್ಲ ಇಂಗ್ಲಿಷ್, ಹಿಂದಿ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಕನ್ನಡ ಅರ್ಜಿ ಕೇಳಿ ಪಡೆಯಿರಿ. ಇಲ್ಲ ಎಂದರೆ ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಮಗ್ಗದ ಫೋಟೊ, ವಿದ್ಯುತ್ ಬಿಲ್, ನೂಲು ಕೊಡುವ ಸಾಹುಕಾರರ ಲೆಕ್ಕದ ಪುಸ್ತಕ, ವಾರಕ್ಕೆ ಎಷ್ಟು ಸೀರೆ ಇಳಿಯುತ್ತದೆ ಎಂಬ ಪಟ್ಟಿ ಇಟ್ಟುಕೊಳ್ಳಿ. ಮುದ್ರಾ ಸಾಲದಲ್ಲಿ 10 ಲಕ್ಷದವರೆಗೆ ಅಡಮಾನ ಇಲ್ಲ.

ಆಮೇಲೆ ಆ ಸಾಹೇಬರನ್ನು ಮನೆಗೆ ಕರೆಯಿರಿ. ಹುಡುಗ ದೂರದ ಊರಿನಿಂದ ಬಂದಿರುತ್ತಾನೆ. ಅವನಿಗೂ ಯಾರಾದರೂ ತೋರಿಸಬೇಕು, ಅಲ್ವಾ? ಮಗ್ಗ ಚಾಲೂ ಇರುವ ಹೊತ್ತಿಗೇ ಕರೆಯಿರಿ. ಲಾಳಿ ಓಡುವುದನ್ನು ನಿಂತು ನೋಡಲಿ. ಆ ಸದ್ದಿನಲ್ಲಿ ಯಾವ ಭಾಷೆಯಲ್ಲಿ ಮಾತಾಡಿದರೂ ಕೇಳುವುದಿಲ್ಲ, ಕೈಯಲ್ಲೇ ತೋರಿಸಿ ಹೇಳಿದರಾಯಿತು.